ಹಳದಿ ಪ್ಯಾಕೆಟ್ಟಿನ ಹದಿನೇಳು

ಚಹಾಪುಡಿಯ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ರೋಲಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ನಾಲ್ಕನೇ ಲೈನಿನ ಪ್ಯಾಕಿಂಗ್ ಯಂತ್ರ ಅವಳ ಕೈಯಲ್ಲಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅದನ್ನು ನಿಲ್ಲಿಸಿ ರೋಲು ಬದಲಾಯಿಸುವುದು ಅವಳ ಕೆಲಸ. ಹತ್ತರವರೆಗೆ ಬಂಗಾರದ ಬಣ್ಣದ ರೋಲು, ಹತ್ತರ ಮೇಲೆ ಹಳದಿ ರೋಲು. ಮೇಲಿನ ದೊಡ್ಡ ಡಬ್ಬದಿಂದ ಸುರಿಯುವ ಪುಡಿ ಮಾತ್ರ ಹತ್ತಕ್ಕೆ ಮೊದಲೂ ಅದೇ, ಹತ್ತರ ಮೇಲೂ ಅದೇ.

ಬಂಗಾರದ್ದು ಹೆಸರಾಂತ ಕಂಪನಿಯದು. ಹಳದಿಯದು ಊರಾಚೆಯ ಅಗ್ಗದ ಸೂಪರ್ ಮಾರ್ಕೆಟ್ಟಿನ ಸ್ವಂತ ಹೆಸರಿನದು, ಬೆಲೆ ಹೆಚ್ಚುಕಡಿಮೆ ಅರ್ಧ. ಇದರಲ್ಲಿ ಮೋಸವೇನೂ ಇಲ್ಲ. ಬಂಗಾರದ ಪ್ಯಾಕೆಟ್ಟಿನ ಮೇಲೆ ‘ಇದೇ ಪುಡಿ ಇನ್ನೆಲ್ಲೂ ಸಿಗದು’ ಎಂದು ಯಾರೂ ಬರೆದಿಲ್ಲ. ಕೊಳ್ಳುವವರು ತಾವೇ ಹಾಗೆಂದುಕೊಂಡು ದುಡ್ಡು ಕೊಡುತ್ತಾರೆ, ಅಷ್ಟೆ. ಹಾಗಂತ ಆ ಅಂಗಡಿಯ ಎಲ್ಲ ಸಾಮಾನೂ ಹೀಗೇ ಎಂದು ನಂಬಿ ಓಡಬೇಡಿ. ಅಲ್ಲಿನ ಪಾತ್ರೆ ಸೋಪಿಗೆ ನೊರೆ ಬರುವಷ್ಟರಲ್ಲಿ ಕೈ ಬಿದ್ದುಹೋಗುತ್ತದೆ, ಬಿಸ್ಕತ್ತಿನಲ್ಲಿ ಬೆಣ್ಣೆ ಹುಡುಕಲು ದುರ್ಬೀನು ಬೇಕು. ಆದರೆ ಚಹಾಪುಡಿ ಅದೇ. ಅದು ಜಗತ್ತಿನಲ್ಲಿ ಚೆನ್ನಾಗಿ ಗೊತ್ತಿದ್ದ ಕೆಲವೇ ಜನರಲ್ಲಿ ರೋಲಮ್ಮ ಒಬ್ಬಳು, ಅವಳ ಅಕ್ಕ ಇನ್ನೊಬ್ಬಳು.

ಅಕ್ಕನಿಗೆ ಗೊತ್ತಾದದ್ದು ರೋಲಮ್ಮನಿಂದಲೇ. ಹದಿನೆಂಟು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ದಿನ, ಸಂಜೆ ಓಡೋಡಿ ಬಂದು, ಅಕ್ಕನ ಹೊಲಿಗೆ ಯಂತ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಳು. ಅಮ್ಮ ಅಪ್ಪ ಇಬ್ಬರೂ ಹೋದ ಮೇಲೆ ಆ ಹೊಲಿಗೆ ಯಂತ್ರವೇ ಅವರ ಮನೆಯ ಹಿರಿಯ. ಬೇರೆಯವರ ಪ್ಯಾಂಟಿನ ಅಂಚು ಮಡಚಿ, ಸೊಂಟ ಬಿಗಿ ಮಾಡಿ, ಜಿಪ್ಪು ಹಾಕಿ ಅಕ್ಕ ತಂಗಿಯನ್ನು ಓದಿಸಿದ್ದಳು. ಕಾರ್ಖಾನೆಯವರು ಕೊಟ್ಟ ಬಿಳಿ ಕೋಟು ಮೊಣಕಾಲು ದಾಟಿದ್ದನ್ನು ಹಿಂದಿನ ರಾತ್ರಿ ಮಡಚಿ ಹೊಲಿದು ಕೊಟ್ಟವಳೂ ಅವಳೇ. ಎರಡೂ ಒಂದೇ ಪುಡಿ ಎಂದು ಕೇಳಿ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ತಂಗಿ ಇನ್ನೂ ಉಬ್ಬಿ, ಪ್ಯಾಕೆಟ್ಟಿನ ಬೆನ್ನ ಮೇಲಿನ ಪುಟ್ಟ ಅಂಕಿಗಳನ್ನೂ ಓದಿ ತೋರಿಸಿದ್ದಳು. ಮೊದಲು ತಾರೀಖು, ಆಮೇಲೆ ಲೈನು, ಕಟ್ಟಕಡೆಗೆ ಯಂತ್ರ ನಡೆಸಿದವರ ನಂಬರು. ಅವಳದು ಹದಿನೇಳು.

ಅವತ್ತಿನಿಂದ ಅಕ್ಕ ಬಂಗಾರದ ಪ್ಯಾಕೆಟ್ಟು ಮುಟ್ಟಲಿಲ್ಲ. ತಮಾಷೆಯೆಂದರೆ, ಅವತ್ತು ಹೇಳಿದವಳು ಮದುವೆಯಾದ ಮೇಲೆ ಹಳದಿಯದನ್ನು ಮುಟ್ಟಲಿಲ್ಲ.

ರೋಲಮ್ಮನ ಗಂಡ ವಿಮೆ ಆಫೀಸಿನಲ್ಲಿದ್ದ. ನಾಲ್ಕನೇ ಮಹಡಿಯಲ್ಲಿ ಲಿಫ್ಟಿರುವ ಮನೆ, ಬಂದವರಿಗೆ ನೇರ ಕಾಣುವ ತೆರೆದ ಅಡುಗೆಮನೆ. ಆ ಅಡುಗೆಮನೆಯೇ ಅವಳ ಕುತ್ತಿಗೆಗೆ ಬಂದದ್ದು. ಕಟ್ಟೆಯ ಮೇಲೆ ಏನಿಡುತ್ತೀರೋ ಅದನ್ನು ಊರೇ ನೋಡುತ್ತದೆ. ಅವಳು ಬಂಗಾರದ ಡಬ್ಬ ಇಟ್ಟಳು. ಮೊದಮೊದಲು ಬಂದವರ ಕಣ್ಣಿಗೆ ಎಂದು ಇಟ್ಟದ್ದು, ಬರಬರುತ್ತಾ ಅವಳ ನಾಲಿಗೆಗೂ ಅದೇ ರುಚಿ ಎನ್ನಿಸತೊಡಗಿತು. ಬೆಳಿಗ್ಗೆ ಹತ್ತಕ್ಕೆ ತನ್ನ ಕೈಯಾರೆ ರೋಲು ಬದಲಾಯಿಸಿ, ಸಂಜೆ ಮನೆಗೆ ಬಂದು ಬಂಗಾರದ ಡಬ್ಬದಿಂದ ಒಂದು ಚಮಚ ಹಾಕಿ, ಘಮ ಎಂದರೆ ಇದು ಎಂದು ಕಣ್ಣು ಮುಚ್ಚುತ್ತಿದ್ದಳು. ನಾಲಿಗೆಗೆ ಎಲುಬಿಲ್ಲ ಎನ್ನುವುದು ಮಾತಿಗಷ್ಟೇ ಅಲ್ಲ.

ಅಕ್ಕ ತಿಂಗಳಿಗೊಮ್ಮೆ ಬರುತ್ತಿದ್ದಳು. ತಂಗಿಯ ಮನೆಗೆ ಬರಿಗೈಯಲ್ಲಿ ಬಂದವಳಲ್ಲ. ಉಳಿದ ಬಟ್ಟೆಯ ತುಂಡುಗಳನ್ನೇ ಜೋಡಿಸಿ ಹೊಲಿದ ಚೀಲದಲ್ಲಿ ಎರಡು ಹಳದಿ ಪ್ಯಾಕೆಟ್ಟು ಚಹಾಪುಡಿ ಯಾವಾಗಲೂ ಇರುತ್ತಿದ್ದವು. ರೋಲಮ್ಮ ನಗುನಗುತ್ತಾ ತೆಗೆದುಕೊಂಡು, ಕೆಳಗಿನ ಕಪಾಟಿನಲ್ಲಿ ಬಕೆಟ್ಟಿನ ಹಿಂದೆ ತಳ್ಳಿ, ಶನಿವಾರ ಮೆಟ್ಟಿಲು ಒರೆಸಲು ಬರುವ ಹೆಂಗಸಿಗೆ ಕೊಟ್ಟುಬಿಡುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಇದು ಯಾರಿಗೂ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು.

ಹೀಗಿರುವಾಗ ಒಂದು ಭಾನುವಾರ ಗಂಡನ ಆಫೀಸಿನ ದೊಡ್ಡ ಸಾಹೇಬರು ಹೆಂಡತಿಯೊಂದಿಗೆ ಚಹಾಕ್ಕೆ ಬರುವುದೆಂದಾಯಿತು. ಗಂಡ ಎರಡು ದಿನ ಮೊದಲೇ ಸೋಫಾದ ಹೊದಿಕೆ ಒಗೆಸಿದ. ಬಾಗಿಲ ಬಳಿಯ ಚಪ್ಪಲಿಗಳಿಗೂ ಸಾಲಾಗಿ ನಿಲ್ಲುವ ಶಿಸ್ತು ಬಂತು. ನಾಲ್ಕು ಗಂಟೆಗೆ ಅವರು ಬರಬೇಕು, ಮೂರೂವರೆಗೆ ಅಕ್ಕ ಬಂದಳು, ಕೈಯಲ್ಲಿ ಅದೇ ಚೀಲ. ಮುಂಚೆ ಹೇಳಿ ಬರುವ ಅಭ್ಯಾಸ ಅಕ್ಕನಿಗಿರಲಿಲ್ಲ. ಒಡಹುಟ್ಟಿದವಳ ಮನೆಗೆ ಯಾರಾದರೂ ಹೇಳಿ ಬರುತ್ತಾರೆಯೇ.

ರೋಲಮ್ಮನ ಮುಖ ಅರೆಗಳಿಗೆ ಚಿಕ್ಕದಾಯಿತು. ಅಕ್ಕನಿಗೆ ಅದು ಕಂಡಿತೋ ಇಲ್ಲವೋ, ವಿಷಯ ತಿಳಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು, ನೀನು ಹೊರಗೆ ಕೂತು ಮಾತಾಡು, ಒಳಗಿನದು ನಾನು ನೋಡಿಕೊಳ್ಳುತ್ತೇನೆ ಎಂದಳು. ಅದೂ ಒಳ್ಳೆಯದೇ ಆಯಿತು ಎಂದುಕೊಂಡಳು ತಂಗಿ. ಅಕ್ಕ ಅಡುಗೆಮನೆಯಲ್ಲಿದ್ದರೆ ಕೆಲಸಕ್ಕೆ ಬಂದವಳೆಂದು ಅವರು ತಿಳಿದರೂ ತಿಳಿಯಲಿ ಎಂಬ ಯೋಚನೆ ಮನಸ್ಸಿನ ಮೂಲೆಯಲ್ಲಿ ಸುಳಿದು ಹೋಯಿತು. ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆಸಿಕೊಂಡು ತನ್ನ ಮೇಲೆ ತಾನೇ ಉಗುಳಿಕೊಂಡಳು.

ಬಂದವರು ಕೂತರು, ಮಾತು ಹವೆಯಿಂದ ಆಫೀಸಿಗೆ, ಆಫೀಸಿನಿಂದ ಮಂಡಿನೋವಿಗೆ ಬಂತು. ಸಾಹೇಬರ ಹೆಂಡತಿ ಸರಳ ಹೆಂಗಸು. ನೀರು ಕುಡಿದ ಲೋಟ ಇಡಲೆಂದು ತಾನೇ ಎದ್ದು ಅಡುಗೆಮನೆಗೆ ನಡೆದರು. ಹಿಂದೆಯೇ ರೋಲಮ್ಮ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಬಂಗಾರದ ಡಬ್ಬ ಮುಚ್ಚಿದಂತೇ ಇತ್ತು, ಅದರ ಪಕ್ಕದಲ್ಲಿ ಬಾಯಿ ಕತ್ತರಿಸಿದ ಹಳದಿ ಪ್ಯಾಕೆಟ್ಟು. ಅಕ್ಕ ತನ್ನ ಚೀಲದಿಂದಲೇ ತೆಗೆದು ಹಾಕಿದ್ದಳು.

“ಓ, ನೀವೂ ಆ ಅಂಗಡಿಗೆ ಹೋಗ್ತೀರಾ?” ಎಂದರು ಸಾಹೇಬರ ಹೆಂಡತಿ.

ಕೇಳಿದ್ದು ಅಷ್ಟೇ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರೋಲಮ್ಮನ ಕಿವಿಗೆ ಆ ಮಾತಿನಲ್ಲಿ ಇಲ್ಲದ ಕೊಂಕೆಲ್ಲ ಕೇಳಿಸಿತು. ಮೈ ಬಿಸಿಯಾಯಿತು. ಬಾಯಿ ಅದರ ಪಾಡಿಗೆ ಅದು ಮಾತಾಡಿತು.

“ಅಯ್ಯೋ, ಇಲ್ಲಪ್ಪ. ಅದು ಮೆಟ್ಟಿಲು ಒರೆಸೋಳಿಗೆ ಕೊಡೋಕೆ ಅಂತ ಇಟ್ಟಿದ್ದು. ಇವರಿಗೆ ಗೊತ್ತಾಗಿಲ್ಲ. ಮನೆಗೆ ಬಂದವರಿಗೆ ಅದನ್ನ ಕೊಡೋಕಾಗತ್ತಾ?”

ಎಂದವಳೇ ಒಲೆಯ ಮೇಲಿದ್ದ ಪಾತ್ರೆ ಎತ್ತಿ, ಕುದಿಯುವ ಚಹಾವನ್ನು ಹಾಗೇ ಸಿಂಕಿಗೆ ಸುರಿದಳು. ಆವಿ ಎದ್ದು ಕಿಟಕಿಯ ಗಾಜು ಮಬ್ಬಾಯಿತು. ಅಕ್ಕ ಕೈಯಲ್ಲಿ ಸೋಸುವ ಜಾಲರಿ ಹಿಡಿದು ನಿಂತೇ ಇದ್ದಳು. ‘ಇವರು’ ಎಂದಳೇ ಹೊರತು ‘ನಮ್ಮಕ್ಕ’ ಎಂಬ ಮಾತು ತಂಗಿಯ ಬಾಯಿಂದ ಬಂದಿರಲಿಲ್ಲ.

ಸಾಹೇಬರ ಹೆಂಡತಿ ಪಾಪ, ತಡವರಿಸಿ, ನಮ್ಮ ಮನೆಯಲ್ಲೂ ಹಳದಿಯದೇ, ಸುಮ್ಮನೆ ಕೇಳಿದೆ ಎಂದರು. ಆಮೇಲೆ ಮಾತು ಹಗುರ ಮಾಡಲೆಂದೇ ಇರಬೇಕು, ಕೇಳಿದರು.

“ನೀವು ಚಹಾಪುಡಿ ಫ್ಯಾಕ್ಟರಿಲೇ ಅಲ್ವಾ ಇರೋದು? ನಿಮಗೆ ಗೊತ್ತಿರತ್ತೆ. ನಿಜವಾಗ್ಲೂ ಎರಡಕ್ಕೂ ವ್ಯತ್ಯಾಸ ಇದ್ಯಾ?”

ಆಗಲಾದರೂ ನಿಜ ಹೇಳಬಹುದಿತ್ತು. ನಕ್ಕು, ಇಲ್ಲ ಮೇಡಂ, ನನ್ನ ತಲೆ ಕೆಟ್ಟಿತ್ತು ಎಂದುಬಿಟ್ಟಿದ್ದರೆ ಮೂವರೂ ನಗುತ್ತಿದ್ದರು. ಆದರೆ ಚಹಾ ಚೆಲ್ಲಿಯಾಗಿತ್ತು. ಚೆಲ್ಲಿದ್ದು ಸುಮ್ಮನೆ ಎಂದು ಒಪ್ಪಿಕೊಳ್ಳುವುದು ಹೇಗೆ.

“ತುಂಬಾ ವ್ಯತ್ಯಾಸ ಇದೆ,” ಎಂದಳು ರೋಲಮ್ಮ. “ಹಳದಿಯದಕ್ಕೆ ಹಾಕೋದು ಕೆಳಗುಳಿದ ಧೂಳು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ತಲೆಯೆತ್ತಿ ಒಮ್ಮೆ ತಂಗಿಯನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಅಳತೆ ತಪ್ಪಿ ಕತ್ತರಿಸಿದ ಬಟ್ಟೆಯನ್ನು ನೋಡುವಾಗ ಅಕ್ಕನ ಮುಖ ಹಾಗಾಗುತ್ತಿತ್ತು. ಆಮೇಲೆ ಅವಳು ಬಂಗಾರದ ಡಬ್ಬ ತೆರೆದು ಹೊಸದಾಗಿ ಚಹಾ ಮಾಡಿದಳು, ಸಿಂಕಿನಲ್ಲಿ ಅಂಟಿದ ಪುಡಿಯನ್ನು ಬೆರಳಿನಿಂದ ಒರೆಸಿ ತೆಗೆದಳು, ಬಂದವರು ಹೋಗುವುದಕ್ಕೆ ಮುಂಚೆಯೇ ಹಿಂದಿನ ಬಾಗಿಲಿಂದ ಹೊರಟಳು. ಕತ್ತರಿಸಿದ ಪ್ಯಾಕೆಟ್ಟಿನ ಬಾಯಿಗೆ ದಾರ ಕಟ್ಟಿ, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು.

ಸಂಜೆ ಗಂಡ, ಎಲ್ಲ ಚೆನ್ನಾಗಾಯಿತು, ಚಹಾವಂತೂ ಬಹಳ ಚೆನ್ನಾಗಿತ್ತು ಎಂದ. ರೋಲಮ್ಮ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು.

ಸೋಮವಾರ ಬೆಳಿಗ್ಗೆ ಬಿಳಿ ಕೋಟು ತೊಟ್ಟವಳಿಗೆ ಅದರ ಅಂಚಿನ ಹೊಲಿಗೆ ಕಾಣಿಸಿತು. ಕೋಟು ಎಷ್ಟನೆಯದೋ, ಆದರೆ ಪ್ರತಿಯೊಂದರ ಅಂಚನ್ನೂ ಮಡಚಿ ಹೊಲಿದವಳು ಅಕ್ಕನೇ. ಅದನ್ನು ತೊಟ್ಟು ಹೋಗಿ ಹತ್ತಕ್ಕೆ ಬಂಗಾರದ ರೋಲು ಇಳಿಸಿ ಹಳದಿಯದನ್ನು ಏರಿಸುವುದು ತನ್ನಿಂದ ಆಗದು ಎನ್ನಿಸಿತು. ಏಣಿ ಹತ್ತಿ ಏಣಿಯನ್ನೇ ಒದ್ದವರ ಕತೆ ಕೇಳಿದ್ದಳು. ಆ ಏಣಿಗೆ ಜನರ ಮುಂದೆ ಧೂಳು ಎಂದು ಹೆಸರನ್ನೂ ಇಟ್ಟವಳು ಬಹುಶಃ ತಾನೊಬ್ಬಳೇ. ಕೋಟು ಬಿಚ್ಚಿಟ್ಟು, ಕಾರ್ಖಾನೆಗೆ ಫೋನು ಮಾಡಿ ಜ್ವರ ಎಂದಳು. ಗಂಡನಿಗೂ ಜ್ವರ ಎಂದಳು. ಗಂಡ ಗುಳಿಗೆ ತಂದುಕೊಟ್ಟ, ಅದನ್ನೂ ನುಂಗಿದಳು. ನಾಲ್ಕು ದಿನ ಗೋಡೆಗೆ ಮುಖ ಮಾಡಿ ಮಲಗಿ, ಐದನೇ ದಿನ ರಜೆ ಮುಗಿದುಹೋದ್ದರಿಂದ ಎದ್ದು ಕೆಲಸಕ್ಕೆ ಹೋದಳು.

ತಿಂಗಳಾಯಿತು, ಅಕ್ಕ ಬರಲಿಲ್ಲ. ಎರಡು ತಿಂಗಳಾಯಿತು. ಫೋನು ಮಾಡಿದರೆ ಎತ್ತುತ್ತಿದ್ದಳು, ಕೆಲಸ ಬಹಳ ಎನ್ನುತ್ತಿದ್ದಳು, ಹುಷಾರಾಗಿದ್ದೀಯಾ ಎಂದು ಕೇಳುತ್ತಿದ್ದಳು. ಹೂಂ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು ತಂಗಿ. ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಕ್ಷಮಿಸು ಎಂಬ ಮಾತು ಮಾತ್ರ ಹೇಳದೆಯೇ ಫೋನಿಡುತ್ತಿದ್ದಳು. ಫೋನಿನಲ್ಲಿ ಹೇಳುವ ಮಾತಲ್ಲ ಅದು ಎಂದು ನೆಪ ಮಾಡಿಕೊಳ್ಳುತ್ತಿದ್ದಳು. ಮನೆಗೇ ಹೋಗಿ ಹೇಳಲು ಕಾಲು ಬರುತ್ತಿರಲಿಲ್ಲ. ಹೀಗೇ ಬಿಟ್ಟರೆ ಅಕ್ಕ ಇನ್ನೆಂದೂ ತನ್ನ ಹೊಸಿಲು ತುಳಿಯುವುದಿಲ್ಲ ಎಂಬುದು ಮಾತ್ರ ಅವಳಿಗೆ ದಿನದಿನಕ್ಕೆ ಖಾತ್ರಿಯಾಗತೊಡಗಿತು.

ಕೊನೆಗೊಂದು ಉಪಾಯ ಹೊಳೆಯಿತು. ಹಳದಿ ಪ್ಯಾಕೆಟ್ಟನ್ನೇ ಕೊಂಡು, ಅಕ್ಕನ ಮನೆಗೆ ಹೋಗಿ, ತನ್ನ ಕೈಯಾರೆ ಚಹಾ ಮಾಡಿಕೊಟ್ಟು, ಆಮೇಲೆ ಹೇಳಿದರಾಯಿತು. ಕಾರ್ಖಾನೆಯಿಂದಲೇ ಒಂದು ತರಬಹುದಿತ್ತು, ಆದರೆ ಅಕ್ಕ ಹೋಗುವ ಅಂಗಡಿಗೇ ಹೋಗಿ ಕೊಳ್ಳಬೇಕು ಎನ್ನಿಸಿತು. ವಾರದ ರಜೆಯ ದಿನ, ಗುರುತಿನವರು ಯಾರೂ ಇರದ ಮಧ್ಯಾಹ್ನದ ಹೊತ್ತು ನೋಡಿ ಹೊರಟಳು. ಹೊರಟದ್ದು ಕ್ಷಮೆ ಕೇಳಲು, ಆದರೂ ತಲೆಗೆ ಸ್ಕಾರ್ಫು ಕಟ್ಟಿ, ಮೋಡವಿದ್ದ ದಿನ ಕಪ್ಪು ಕನ್ನಡಕ ಹಾಕಿಕೊಂಡಿದ್ದಳು. ನಾಯಿ ಬಾಲ ಎಂದು ಸುಮ್ಮನೆ ಹೇಳುತ್ತಾರೆಯೇ.

ಅಂಗಡಿ ದೊಡ್ಡ ಗೋದಾಮಿನಂತಿತ್ತು. ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಯಲ್ಲೇ, ಮುಚ್ಚಳ ಕತ್ತರಿಸಿ, ಒಂದರ ಮೇಲೊಂದು ಇಟ್ಟಿದ್ದರು. ಎಲ್ಲಿ ನೋಡಿದರೂ ಹಳದಿ. ಚಹಾಪುಡಿಯ ಸಾಲಿಗೆ ತಿರುಗಿದವಳು ತಟ್ಟನೆ ಹಿಂದೆ ಸರಿದು ಉಪ್ಪಿನ ಮೂಟೆಗಳ ಮರೆಯಲ್ಲಿ ನಿಂತಳು. ಅಲ್ಲಿ ಅಕ್ಕ ಇದ್ದಳು.

ಹೊಲಿಯುವಾಗ ಹಾಕುವ ಕನ್ನಡಕ ಹಾಕಿಕೊಂಡು ಅಕ್ಕ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ತೆಗೆದು, ತಿರುಗಿಸಿ, ಬೆನ್ನು ನೋಡಿ, ವಾಪಸು ಇಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ತುಟಿ ಬಿಗಿದುಕೊಂಡಿದ್ದಳು. ಎಂಟು ಹತ್ತು ಪ್ಯಾಕೆಟ್ಟು ಹೀಗೆ ಹೋದವು. ಅಂಗಡಿಯ ಕೆಂಪು ಏಪ್ರನ್ ತೊಟ್ಟ ಹೆಂಗಸೊಬ್ಬಳು ಹೊಸ ಪೆಟ್ಟಿಗೆಯೊಂದನ್ನು ತಳ್ಳಿಕೊಂಡು ಬಂದು, ಬಳಕೆಯ ಸಲಿಗೆಯಲ್ಲಿ ಹೇಳಿದಳು.

“ಅದರಲ್ಲಿ ಇಲ್ಲಮ್ಮ, ನಾನೇ ನೋಡಿದೆ, ಎಲ್ಲ ಒಂಬತ್ತು, ಇಪ್ಪತ್ತೆರಡು. ಇದರಲ್ಲಿ ಹದಿನೇಳು ಇದೆ, ನಿಮಗೇ ಅಂತ ಒಳಗಿಟ್ಟಿದ್ದೆ.”

ಉಪ್ಪಿನ ಮೂಟೆಗಳ ಹಿಂದೆ ರೋಲಮ್ಮ ಲೆಕ್ಕ ಹಾಕಿದಳು. ಮದುವೆಯಾದಾಗಿನಿಂದ ಇಷ್ಟು ವರ್ಷ. ತಿಂಗಳಿಗೆ ಎರಡು ಪ್ಯಾಕೆಟ್ಟು. ಅವು ಬಕೆಟ್ಟಿನ ಹಿಂದೆ ಹೋದದ್ದು ನೆನಪಾಯಿತು. ಒಂದನ್ನೂ ಅವಳು ತಿರುಗಿಸಿ ನೋಡಿರಲಿಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಎಂದು ಕತೆಗಳಲ್ಲಿ ಓದಿದ್ದಳು, ಅವತ್ತು ನಿಜವಾಗಿಯೂ ಕಾಲ ಕೆಳಗೆ ನೋಡಿದಳು. ಸಿಮೆಂಟಿನ ನೆಲ, ಬಿರಿಯಲಿಲ್ಲ. ಮೊಣಕೈ ತಗುಲಿ ಮೂಟೆಯ ಮೇಲಿಟ್ಟಿದ್ದ ಉಪ್ಪಿನ ಪ್ಯಾಕೆಟ್ಟೊಂದು ಧಪ್ಪನೆ ಬಿತ್ತು.

ಅಕ್ಕ ತಿರುಗಿದಳು. ಸ್ಕಾರ್ಫು, ಕಪ್ಪು ಕನ್ನಡಕ, ಯಾವುದೂ ಅಕ್ಕನಿಗೆ ಮೋಸ ಮಾಡಲಿಲ್ಲ. ಎತ್ತಿ ಆಡಿಸಿದ ಮಗುವಿನ ಗುರುತು ಸಿಗಲು ಮುಖವೇ ಬೇಕೆಂದಿಲ್ಲ. ಆಮೇಲೆ ಅಕ್ಕ ಏಪ್ರನ್ನಿನ ಹೆಂಗಸಿನ ಕಡೆ ತಿರುಗಿ, ಏನೂ ಆಗದವಳಂತೆ, “ಇವಳೇ ನಮ್ಮ ಹದಿನೇಳು. ನನ್ನ ತಂಗಿ,” ಎಂದಳು.

ತಾನು ಮನೆಯಲ್ಲಿ ಸಾಹೇಬರ ಹೆಂಡತಿಯ ಮುಂದೆ ಹೇಳದೆ ನುಂಗಿದ ಆ ಒಂದು ಮಾತನ್ನು ಅಕ್ಕ ಇಲ್ಲಿ ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ರೋಲಮ್ಮನಿಗೆ ತಲೆ ಎತ್ತಲಾಗಲಿಲ್ಲ.

ಏಪ್ರನ್ನಿನವಳಿಗೆ ಖುಷಿಯೋ ಖುಷಿ. ನಿಮ್ಮ ಬಗ್ಗೆ ಇವರು ಹೇಳುತ್ತಲೇ ಇರುತ್ತಾರೆ ಎಂದಳು. ಬಂದ ಗಿರಾಕಿಗಳೆಲ್ಲ ಇದೊಂದು ಪ್ರಶ್ನೆ ಕೇಳಿ ತನ್ನ ತಲೆ ತಿನ್ನುತ್ತಾರೆ, ಬಲ್ಲವರೇ ಸಿಕ್ಕಿದ್ದೀರಿ, ಹೇಳಿಬಿಡಿ ಎಂದಳು. ಇದು ಆ ದೊಡ್ಡ ಕಂಪನಿಯದರಷ್ಟು ಚೆನ್ನಾಗಿರುತ್ತದೆಯೇ, ಇಲ್ಲವೇ?

ಅದೇ ಪ್ರಶ್ನೆ. ಪಕ್ಕದಲ್ಲಿ ಅದೇ ಅಕ್ಕ. ಈ ಸಲ ಕೈಯಲ್ಲಿ ಸೋಸುವ ಜಾಲರಿ ಇರಲಿಲ್ಲ, ಹಳದಿ ಪ್ಯಾಕೆಟ್ಟಿತ್ತು. ರೋಲಮ್ಮ ಕಪ್ಪು ಕನ್ನಡಕ ತೆಗೆದಳು.

“ಎರಡೂ ಒಂದೇ ಪುಡಿ,” ಎಂದಳು. ಧ್ವನಿ ಒಡೆಯಿತು, ಕೆಮ್ಮಿ ಮತ್ತೆ ಹೇಳಿದಳು. “ಹತ್ತು ಗಂಟೆಗೆ ನಾನೇ ರೋಲು ಬದಲಾಯಿಸೋದು. ಧೂಳು ಗೀಳು ಏನೂ ಹಾಕಲ್ಲ. ಹಾಕ್ತಾರೆ ಅಂತ ಯಾರಾದ್ರೂ ಹೇಳಿದ್ರೆ ಅವರು ಸುಳ್ಳು ಹೇಳ್ತಿದಾರೆ ಅಂತ ತಿಳ್ಕೊಳ್ಳಿ.”

ಧೂಳಿನ ಮಾತನ್ನು ತಾನೆಲ್ಲಿ ಆಡಿದೆ ಎಂದು ಏಪ್ರನ್ನಿನವಳು ಒಮ್ಮೆ ಹುಬ್ಬೇರಿಸಿದಳು, ಆಮೇಲೆ ಖಾಲಿ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು. ಅಕ್ಕ ಬಗ್ಗಿ, ಬಿದ್ದಿದ್ದ ಉಪ್ಪಿನ ಪ್ಯಾಕೆಟ್ಟನ್ನು ಎತ್ತಿ ಮೇಲಿಟ್ಟಳು.

ಇಬ್ಬರೂ ಸಾಮಾನಿಗೆ ದುಡ್ಡು ಕೊಟ್ಟು, ಬಾಗಿಲ ಬಳಿ ಚೀಲಕ್ಕೆ ತುಂಬಿಕೊಳ್ಳುವ ಉದ್ದನೆಯ ಹಲಗೆಯ ಹತ್ತಿರ ನಿಂತರು. ಆ ಹಲಗೆಯ ಮುಂದೆ ರೋಲಮ್ಮ ಎಲ್ಲವನ್ನೂ ಹೇಳಿಕೊಂಡಳು. ಬಕೆಟ್ಟಿನ ಹಿಂದಿನ ಪ್ಯಾಕೆಟ್ಟುಗಳು, ಮೆಟ್ಟಿಲು ಒರೆಸುವವಳು, ಕೆಲಸದವಳೆಂದು ತಿಳಿದರೆ ತಿಳಿಯಲಿ ಎಂದುಕೊಂಡದ್ದು ಕೂಡ. ತಪ್ಪಾಯಿತಕ್ಕ ಎಂದಳು. ಅಕ್ಕ ಚೀಲದ ಬಾಯಿ ಅಗಲಿಸುತ್ತಾ ಕೇಳಿಸಿಕೊಂಡಳು.

“ಮೆಟ್ಟಿಲು ಒರೆಸೋಳು ನನಗೆ ಎಷ್ಟೋ ವರ್ಷದಿಂದ ಥ್ಯಾಂಕ್ಸ್ ಹೇಳ್ತಾಳೆ,” ಎಂದಳು ಅಕ್ಕ. “ಹೋಗ್ಲಿ, ಅವಳಾದ್ರೂ ಕುಡೀತಾಳಲ್ಲ ಅಂತ ತರ್ತಿದ್ದೆ. ನನ್ನ ಚಹಾ ಚೆಲ್ಲಿದ್ದಕ್ಕೂ ಬೇಜಾರಿಲ್ಲ ಕಣೇ. ಹದಿನೆಂಟು ವರ್ಷ ನಿಂತ ಕಾಲಲ್ಲಿ ಮಾಡಿದ ನಿನ್ನ ಕೆಲಸಾನ ನೀನೇ ಧೂಳು ಅಂದ್ಯಲ್ಲ, ಅದನ್ನ ಕೇಳೋಕಾಗ್ಲಿಲ್ಲ. ಅದಕ್ಕೇ ಬರ್ಲಿಲ್ಲ.”

ರೋಲಮ್ಮ ಮೂಗು ಒರೆಸಿಕೊಂಡಳು. ಅಷ್ಟೆಲ್ಲ ಆದ ಮೇಲೂ ಹದಿನೇಳನ್ನೇ ಯಾಕೆ ಹುಡುಕುತ್ತಿದ್ದೆ ಎಂದು ಕೇಳಿದಳು.

“ಮತ್ತಿನ್ನೇನು ಮಾಡ್ಲಿ? ಫೋನಲ್ಲಿ ಕೇಳಿದ್ರೆ ಚೆನ್ನಾಗಿದ್ದೀನಿ ಅಂತೀಯ. ಪ್ಯಾಕೆಟ್ಟು ನೋಡಿದ್ರೆ ನಿಜ ಗೊತ್ತಾಗತ್ತೆ.” ಅಕ್ಕ ಚೀಲಕ್ಕೆ ಹಾಕುತ್ತಿದ್ದ ಪ್ಯಾಕೆಟ್ಟನ್ನು ತಿರುಗಿಸಿ ಅಂಕಿಗಳ ಮೇಲೆ ಬೆರಳಿಟ್ಟಳು. “ಆ ಭಾನುವಾರ ಆದ್ಮೇಲೆ ನಾಲ್ಕು ದಿನ ನಾಲ್ಕನೇ ಲೈನಲ್ಲಿ ಹದಿನೇಳೇ ಇಲ್ಲ. ಎಷ್ಟು ಪೆಟ್ಟಿಗೆ ಹುಡುಕಿದೆ ಗೊತ್ತಾ? ಶುಕ್ರವಾರದ್ದು ಸಿಕ್ಕಿದ ಮೇಲೇ ಜೀವ ಬಂತು. ಏನಾಗಿತ್ತು? ಜ್ವರಾನಾ?”

ಕಾರ್ಖಾನೆ ನಂಬಿದ ಜ್ವರ ಅದು, ಗಂಡ ಗುಳಿಗೆ ತಂದ ಜ್ವರ. ಹೂಂ ಎಂದುಬಿಟ್ಟರೆ ಇಲ್ಲಿಗೂ ಆಗುತ್ತಿತ್ತು.

“ಜ್ವರ ಅಲ್ಲಕ್ಕ,” ಎಂದಳು ರೋಲಮ್ಮ. “ನಾಚಿಕೆ.”

ಅಕ್ಕ ಕನ್ನಡಕ ತೆಗೆದು ಅವಳನ್ನು ನೋಡಿದಳು. ಆಮೇಲೆ ಚೀಲವನ್ನು ಎಡಗೈಗೆ ದಾಟಿಸಿ, ಸ್ಕಾರ್ಫು ಹಿಂದಕ್ಕೆ ಸರಿಸಿ, ಹಣೆ ಬಿಸಿ ಇದೆಯೇ ಎಂದು ಆದರೂ ಒಂದು ಸಲ ಮುಟ್ಟಿ ನೋಡಿದಳು.